ಕ್ರಾನಿಕ್ ಮೈಗ್ರೇನ್‌ಗೆ ಬೊಟಾಕ್ಸಾ, ನರ್ವ್ ಬ್ಲಾಕಾ, ಆರ್‌ಎಫ್ಫಾ? ಮಾಡಿಸಿಕೊಂಡವರು ಹೇಳಿ

ಗುಬ್ಬಚ್ಚಿ_ಹಾಸನ
ಎಲ್ಲರಿಗೂ ನಮಸ್ಕಾರ. ಮೈಗ್ರೇನ್ ನನಗೆ ಕಾಲೇಜಿನಿಂದ ಇದೆ. ಆಗ ಯಾವಾಗಲೋ ಒಮ್ಮೆ ಬರುತ್ತಿತ್ತು, ಕತ್ತಲೆ ಕೋಣೆಯಲ್ಲಿ ಮಲಗಿದರೆ ಹೋಗುತ್ತಿತ್ತು. ಎರಡನೇ ಮಗು ಆದ ಮೇಲೆ ಹೆಚ್ಚಾಯಿತು. ಈಗ ತಿಂಗಳಲ್ಲಿ ಅರ್ಧಕ್ಕಿಂತ ಜಾಸ್ತಿ ದಿನ ತಲೆನೋವೇ. ಪ್ರೊಪ್ರನೊಲಾಲ್ ತಗೊಂಡೆ, ಬಿಪಿ ಇಳಿದು ತಲೆಸುತ್ತು. ಫ್ಲುನಾರಿಜಿನ್‌ನಲ್ಲಿ ಬರೀ ನಿದ್ದೆ, ತೂಕ ಬೇರೆ ಏರಿತು. ಟೋಪಿರಾಮೇಟ್‌ನಲ್ಲಿ ಬೆರಳೆಲ್ಲ ಜುಮ್ ಅನ್ನುತ್ತಿತ್ತು, ಮಾತಾಡುತ್ತಾ ಮಾತಾಡುತ್ತಾ ಪದವೇ ಸಿಗುತ್ತಿರಲಿಲ್ಲ. ನಾನು ಹೈಸ್ಕೂಲ್ ಗಣಿತದ ಟೀಚರ್. ಬೋರ್ಡ್ ಮುಂದೆ ನಿಂತು "ಲಂಬಕೋನ" ಅನ್ನೋದು ಮರೆತುಹೋದರೆ ಒಂಬತ್ತನೇ ಕ್ಲಾಸಿನವರು ಸುಮ್ನೆ ಬಿಡ್ತಾರಾ?

ಈಗ ನ್ಯೂರಾಲಜಿಸ್ಟ್ ಬೊಟಾಕ್ಸ್ ಮಾಡಿಸಿ ಅಂದಿದ್ದಾರೆ. ಇನ್ನೊಂದು ಅಭಿಪ್ರಾಯಕ್ಕೆ ಅಂತ ಬೆಂಗಳೂರಿನ ಒಂದು ಪೇನ್ ಕ್ಲಿನಿಕ್‌ಗೆ ಹೋದೆ. ಅಲ್ಲಿ "ಬೊಟಾಕ್ಸ್ ಹಳೇ ಕಾಲದ್ದು, ಪಲ್ಸ್ಡ್ ರೇಡಿಯೋಫ್ರೀಕ್ವೆನ್ಸಿ (ಆರ್‌ಎಫ್) ಮಾಡಿಸಿ, ಒಂದೇ ಸಲಕ್ಕೆ ನರ ಸರಿ ಹೋಗುತ್ತೆ" ಅಂದರು. ಈ ವಾರ ಬುಕ್ ಮಾಡಿದರೆ ಪ್ಯಾಕೇಜಿನಲ್ಲಿ ರಿಯಾಯಿತಿಯಂತೆ. ಅಕ್ಕನ ಸಹೋದ್ಯೋಗಿಗೆ ತಲೆ ಹಿಂದೆ ನರ್ವ್ ಬ್ಲಾಕ್ ಇಂಜೆಕ್ಷನ್ ಕೊಟ್ಟು ಆರಾಮಾಯಿತಂತೆ. ಮೂರಕ್ಕೂ ಏನು ವ್ಯತ್ಯಾಸ? ಯಾವುದು ಮೊದಲು? ಗೂಗಲ್ ಮಾಡಿದರೆ ಇನ್ನೂ ತಲೆನೋವು.

ಕಾಫಿತೋಟ
ರಿಯಾಯಿತಿ ಅಂದ ಕೂಡಲೇ ಎದ್ದು ಬರಬೇಕಿತ್ತು. ತಲೆಗೆ ಸೂಜಿ ಹಾಕೋಕೂ ಆಷಾಢ ಸೇಲಾ?

ಮೈಸೂರ್‌ಪಾಕ್
ನಾನು ಬೊಟಾಕ್ಸ್ ಪಾರ್ಟಿ. ಎರಡು ವರ್ಷದಿಂದ ಮಾಡಿಸಿಕೊಳ್ಳುತ್ತಿದ್ದೇನೆ. ಹೇಗಿರುತ್ತೆ ಅಂದರೆ, ಮೊದಲು ಹಣೆ, ಕಣತಲೆ, ತಲೆ ಹಿಂದೆ, ಕತ್ತು, ಭುಜ ಎಲ್ಲ ಕಡೆ ಪೆನ್ನಿನಲ್ಲಿ ಚುಕ್ಕೆ ಇಡುತ್ತಾರೆ. ಆಮೇಲೆ ಸಣ್ಣ ಸೂಜಿಯಲ್ಲಿ ಚುಚ್ಚುತ್ತಾ ಹೋಗುತ್ತಾರೆ, ಒಟ್ಟು 31 ಕಡೆ. ಹಣೆಯಲ್ಲಿ ಉರಿ ಜಾಸ್ತಿ. ಕಿವಿ ಮೇಲೆ ಚುಚ್ಚುವಾಗ ಒಂಥರಾ ಕರಕ್ ಅಂತ ಸದ್ದು ಕೇಳುತ್ತೆ, ಅದಕ್ಕೆ ಹೆದರಬೇಡಿ. ಕಾಲು ಗಂಟೆಯಲ್ಲಿ ಮುಗೀತು, ಎದ್ದು ಮನೆಗೆ ಬಂದೆ.

ಮೊದಲ ಸಲ ದೊಡ್ಡ ಬದಲಾವಣೆ ಏನೂ ಕಾಣಲಿಲ್ಲ. ಜೊತೆಗೆ ಎಡಗಣ್ಣಿನ ರೆಪ್ಪೆ ಇಳಿಬಿತ್ತು. ಆಫೀಸಿನಲ್ಲಿ ಯಾರನ್ನು ನೋಡಿದರೂ ಕಣ್ಣು ಹೊಡೆದ ಹಾಗೆ ಕಾಣುತ್ತಿತ್ತು. ಕೆಲವು ವಾರದಲ್ಲಿ ತಾನಾಗಿ ಸರಿಹೋಯಿತು. ಎರಡನೇ ಸಲದಿಂದ ನಿಜವಾಗಿ ಕಡಿಮೆಯಾಯಿತು. ಪೂರ್ತಿ ಹೋಗಿಲ್ಲ. ಆದರೆ ಮದುವೆಗೆ ಬರ್ತೀನಿ ಅಂತ ಮಾತು ಕೊಟ್ಟರೆ ಈಗ ಹೋಗಬಲ್ಲೆ. ಮೊದಲು ಮಾತು ಕೊಡೋದನ್ನೇ ಬಿಟ್ಟಿದ್ದೆ.

ನರಪಿಜಿ
ನಾನು ನ್ಯೂರಾಲಜಿ ರೆಸಿಡೆಂಟ್. ಇಲ್ಲಿ ಯಾರಿಗೂ ಚೀಟಿ ಬರೆಯಲ್ಲ, ತಿಳಿದಿದ್ದನ್ನು ಹೇಳುತ್ತೇನೆ ಅಷ್ಟೇ.

ಗುಬ್ಬಚ್ಚಿ ಅವರೇ, ಬೇರೆ ಮಾತಿಗೆ ಮೊದಲು ಒಂದು ಪ್ರಶ್ನೆ. ತಿಂಗಳಿಗೆ ಎಷ್ಟು ದಿನ ನೋವಿನ ಮಾತ್ರೆ ನುಂಗುತ್ತೀರಿ? ಯಾವ ಮಾತ್ರೆ?

ಇನ್ನು ನೀವು ಕೇಳಿದ್ದು. ಮೂರನ್ನೂ ಒಂದೇ ತಕ್ಕಡಿಗೆ ಹಾಕೋಕೆ ಬರಲ್ಲ. ಬೊಟಾಕ್ಸ್ ನರದ ತುದಿಗಳ ಮೇಲೆ ಕೆಲಸ ಮಾಡುತ್ತೆ. ಸ್ನಾಯು ಸಡಿಲ ಮಾಡಿ ನೋವು ಇಳಿಸುತ್ತೆ ಅಂತ ಬಹಳ ಜನ ಅಂದುಕೊಂಡಿದ್ದಾರೆ, ಅದಲ್ಲ. ಸಿಜಿಆರ್‌ಪಿ ಅಂತ ಒಂದು ರಾಸಾಯನಿಕ ಇದೆ, ಮೈಗ್ರೇನ್‌ನಲ್ಲಿ ನೋವು ಹಬ್ಬಿಸೋದರಲ್ಲಿ ಅದರ ಪಾತ್ರ ದೊಡ್ಡದು. ನರದ ತುದಿಯಿಂದ ಅದು ಹೊರಗೆ ಬೀಳೋದನ್ನು ಬೊಟಾಕ್ಸ್ ತಡೆಯುತ್ತೆ. ನಿಧಾನವಾಗಿ ಶುರು, 12 ವಾರದ ಹತ್ತಿರ ಇರುತ್ತೆ, ಆಮೇಲೆ ಮತ್ತೆ ಹಾಕಬೇಕು. ಇದು ತಡೆಯೋ ಚಿಕಿತ್ಸೆ.

ನರ್ವ್ ಬ್ಲಾಕ್ ಅಂದರೆ ಸಾಮಾನ್ಯವಾಗಿ ತಲೆ ಹಿಂದಿನ ಗ್ರೇಟರ್ ಆಕ್ಸಿಪಿಟಲ್ ನರಕ್ಕೆ ಲಿಗ್ನೊಕೇನ್ ಅಥವಾ ಬುಪಿವಕೇನ್ ಅನ್ನೋ ಮರಗಟ್ಟಿಸೋ ಔಷಧಿ ಕೊಡೋದು, ಕೆಲವರು ಸ್ಟೀರಾಯ್ಡ್ ಬೆರೆಸುತ್ತಾರೆ. ನಿಮಿಷಗಳಲ್ಲಿ ಮರಗಟ್ಟುತ್ತೆ. ಮರಗಟ್ಟಿರೋದು ಕೆಲವು ಗಂಟೆ ಮಾತ್ರ. ಆದರೆ ನೋವಿನ ಇಳಿತ ಕೆಲವರಲ್ಲಿ ದಿನಗಟ್ಟಲೆ, ವಾರಗಟ್ಟಲೆ ಇರುತ್ತೆ.

ನೋವು ಹಣೆಯಲ್ಲಿ, ಇಂಜೆಕ್ಷನ್ ತಲೆ ಹಿಂದೆ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಹಣೆ, ಕಣ್ಣಿನ ಕಡೆಯ ಟ್ರೈಜೆಮಿನಲ್ ನರದ ಸುದ್ದಿಯೂ, ಕತ್ತಿನ ಮೇಲ್ಭಾಗದ ಸಿ2 ನರದ ಸುದ್ದಿಯೂ ಮೆದುಳಿನ ಬುಡದಲ್ಲಿ ಒಂದೇ ಕಡೆ ಸೇರುತ್ತೆ. ಎರಡು ಊರಿನ ಬಸ್ಸು ಒಂದೇ ಸ್ಟ್ಯಾಂಡಿಗೆ ಬಂದು ನಿಂತ ಹಾಗೆ. ಒಂದು ಕಡೆಯ ಗದ್ದಲ ಕಡಿಮೆ ಮಾಡಿದರೆ ಇನ್ನೊಂದು ಕಡೆಗೂ ಸ್ವಲ್ಪ ಉಸಿರು ಸಿಗುತ್ತೆ.

ಲೆಕ್ಕಿಗ
ಬೊಟಾಕ್ಸ್ ಪಾರ್ಟಿಯವರಿಗೆ ಒಂದು ಅಂಕಿ. ಅಮೆರಿಕದ ಎಫ್‌ಡಿಎ 2010ರಲ್ಲಿ ಒಪ್ಪಿಗೆ ಕೊಟ್ಟಿದ್ದು ಪ್ರಿಎಂಪ್ಟ್ ಅನ್ನೋ ಎರಡು ಪ್ರಯೋಗದ ಆಧಾರದ ಮೇಲೆ. ಎರಡನ್ನೂ ಸೇರಿಸಿದರೆ 24ನೇ ವಾರಕ್ಕೆ ಬೊಟಾಕ್ಸ್ ತಗೊಂಡವರಿಗೆ ತಿಂಗಳಿಗೆ 8.4 ತಲೆನೋವಿನ ದಿನ ಕಡಿಮೆ ಆಯಿತು. ಬರೀ ಸಲೈನ್ ಚುಚ್ಚಿಸಿಕೊಂಡವರಿಗೆ? 6.6 ದಿನ. ಅಂದರೆ ನಿಜವಾದ ಬೊಟಾಕ್ಸಿನ ಪಾಲು ಎರಡು ದಿನವೂ ಇಲ್ಲ. ಇದಕ್ಕೆ ಮೂರು ತಿಂಗಳಿಗೊಮ್ಮೆ ಹತ್ತಾರು ಸಾವಿರ ಸುರಿಯಬೇಕಾ?

ಮೈಸೂರ್‌ಪಾಕ್
@ಲೆಕ್ಕಿಗ ಎರಡು ದಿನ ಅಂದರೆ ಏನು ಅಂತ ತಲೆನೋವು ಇರುವವರನ್ನು ಕೇಳಿ. ಅದೂ ಸರಾಸರಿ. ಕೆಲವರಿಗೆ ಏನೂ ಆಗಲ್ಲ, ಕೆಲವರಿಗೆ ಅರ್ಧಕ್ಕರ್ಧ ಇಳಿಯುತ್ತೆ. ನಾನು ಸರಾಸರಿ ಅಲ್ಲ ಸ್ವಾಮಿ, ನಾನು ನಾನೇ.

ಲೆಕ್ಕಿಗ
ನೀವು ನೀವೇ ಸರಿ. ಆದರೆ ಸಲೈನ್ ಗುಂಪಿನಲ್ಲೂ "ನನಗೆ ಅರ್ಧ ಇಳೀತು" ಅನ್ನೋರು ಇದ್ದರು ಅಲ್ವಾ? ಅವರೂ ಅವರೇ.

ನರಪಿಜಿ
ಇಬ್ಬರೂ ಸರಿ. ಸೂಜಿ ಅಂದಮೇಲೆ ಪ್ಲಸೀಬೊ, ಅಂದರೆ ಔಷಧಿ ಇಲ್ಲದೆಯೂ ಕಾಣೋ ಲಾಭ, ದೊಡ್ಡದಾಗೇ ಇರುತ್ತೆ. ಮಾತ್ರೆಗಿಂತ ಇಂಜೆಕ್ಷನ್‌ಗೆ ಜಾಸ್ತಿ, ಇಂಜೆಕ್ಷನ್‌ಗಿಂತ ಆಪರೇಷನ್‌ಗೆ ಜಾಸ್ತಿ. ಹಾಗಿದ್ದೂ ಬೊಟಾಕ್ಸ್ ಅದನ್ನು ದಾಟಿದೆ, ಎರಡೂ ಪ್ರಯೋಗ ಸೇರಿ ಸಾವಿರಕ್ಕಿಂತ ಜಾಸ್ತಿ ಜನರಲ್ಲಿ. ಇಲ್ಲಿ ಹೆಸರಾದ ಮಿಕ್ಕ ಸೂಜಿಗಳಲ್ಲಿ ಯಾವುದಕ್ಕೂ ಕ್ರಾನಿಕ್ ಮೈಗ್ರೇನ್‌ನಲ್ಲಿ ಅಷ್ಟು ದೊಡ್ಡ ಪುರಾವೆ ಇಲ್ಲ. ಇನ್ನೊಂದು ವಿಷಯ: ಬೊಟಾಕ್ಸ್ ಕ್ರಾನಿಕ್‌ಗೆ ಮಾತ್ರ. ಅಂದರೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ತಿಂಗಳಿಗೆ 15 ಅಥವಾ ಹೆಚ್ಚು ದಿನ ತಲೆನೋವು, ಅದರಲ್ಲಿ ಕನಿಷ್ಠ 8 ದಿನ ಮೈಗ್ರೇನ್ ಲಕ್ಷಣ. ತಿಂಗಳಿಗೆ ನಾಲ್ಕು ದಿನ ಬರೋರಿಗೆ ಇದು ಕೆಲಸ ಮಾಡುತ್ತೆ ಅಂತ ತೋರಿಸೋಕೆ ಆಗಿಲ್ಲ.

ಲಂಡನ್_ಧಾರವಾಡ
ಇಲ್ಲಿ ಇಂಗ್ಲೆಂಡಿನಲ್ಲಿ ಹೇಗೆ ಅಂದರೆ, ಸರ್ಕಾರಿ ವ್ಯವಸ್ಥೆಯಲ್ಲಿ ಬೊಟಾಕ್ಸ್ ಬೇಕಾದರೆ ಯಾವ ಚಿಕಿತ್ಸೆ ಯಾರಿಗೆ ಅಂತ ಹೇಳೋ ನೈಸ್ ಅನ್ನೋ ಸಂಸ್ಥೆಯ 2012ರ ನಿಯಮ ಇದೆ. ಮೊದಲು ಕನಿಷ್ಠ ಮೂರು ತಡೆ ಔಷಧಿ ತಗೊಂಡು ಫಲ ಸಿಕ್ಕಿರಬಾರದು. ನೋವಿನ ಮಾತ್ರೆ ಅತಿಯಾಗಿದ್ದರೆ ಅದನ್ನೂ ನೋಡಿಕೊಂಡಿರಬೇಕು. ಎರಡು ಸುತ್ತು ಕೊಟ್ಟ ಮೇಲೂ ತಲೆನೋವಿನ ದಿನ 30% ಇಳಿಯದಿದ್ದರೆ ನಿಲ್ಲಿಸುತ್ತಾರೆ. ಡೈರಿ ಕೇಳುತ್ತಾರೆ ರೀ, "ಸ್ವಲ್ಪ ವಾಸಿ ಅನ್ಸುತ್ತೆ" ಅಂದರೆ ನಡೆಯಲ್ಲ.

ಕಾಯೋದು ಮಾತ್ರ ಬಹಳ. ನನ್ನ ಹೆಂಡತಿ ಅಪಾಯಿಂಟ್‌ಮೆಂಟ್‌ಗೆ ಕಾದು ಕಾದು, ರಜೆಗೆ ಊರಿಗೆ ಬಂದಾಗ ಹುಬ್ಬಳ್ಳಿಯಲ್ಲಿ ಡಾಕ್ಟರನ್ನು ನೋಡಿದಳು.

ಕಾಫಿತೋಟ
@ಲಂಡನ್_ಧಾರವಾಡ ಹುಬ್ಬಳ್ಳಿಯಲ್ಲಿ ಯಾರು? ನಂಬರ್ ಇದ್ದರೆ ಹಾಕಿ.

ನಿರ್ವಾಹಕ
ಡಾಕ್ಟರ ಹೆಸರು, ನಂಬರ್, ಕ್ಲಿನಿಕ್ ಹೆಸರು ಇಲ್ಲಿ ಬೇಡ. ಹೊಗಳಿಕೆಗೂ ಬೇಡ, ಬೈಗುಳಕ್ಕೂ ಬೇಡ. ಹಿಂದೆ ಏನಾಯಿತು ಅಂತ ಹಳಬರಿಗೆ ಗೊತ್ತು.

ಶಿರಸಿ_ಅಡಿಕೆ
ನನ್ನದು ನರ್ವ್ ಬ್ಲಾಕ್ ಅನುಭವ. ಕುರ್ಚಿಯಲ್ಲಿ ಕೂರಿಸಿ, ಹಣೆಯನ್ನು ಮೇಜಿನ ಮೇಲಿಟ್ಟ ದಿಂಬಿಗೆ ಒರಗಿಸಿದರು. ತಲೆ ಹಿಂದಿನ ಗಂಟಿಗೂ ಕಿವಿ ಹಿಂದಿನ ಮೂಳೆಗೂ ನಡುವೆ ಬೆರಳಿನಲ್ಲಿ ಒತ್ತುತ್ತಾ ಬಂದರು. ಗಂಟಿನ ಹತ್ತಿರವೇ ಒಂದು ಜಾಗ ಒತ್ತಿದಾಗ ನೋವು ಹಾರಿ ಕಣ್ಣಿಗೆ ಬಂತು. "ಇಲ್ಲೇ" ಅಂದೆ. ಸ್ಪಿರಿಟ್ ಒರೆಸಿ ಸೂಜಿ ಹಾಕಿದರು. ಸೂಜಿ ತುದಿ ಮೂಳೆಗೆ ತಾಗಿದ್ದು ಗೊತ್ತಾಯಿತು, ಆಮೇಲೆ ಔಷಧಿ ಹೋಗುವಾಗ ಚರ್ಮದಡಿ ಸಣ್ಣ ಉಬ್ಬು. ಹತ್ತು ನಿಮಿಷಕ್ಕೆ ನೆತ್ತಿವರೆಗೂ ಮರಗಟ್ಟಿತು. ಸಂಜೆ ತಲೆ ಬಾಚಿದರೆ ಬಾಚಣಿಗೆ ಎಲ್ಲಿ ಓಡಾಡುತ್ತಿದೆ ಅಂತಲೇ ತಿಳಿಯಲ್ಲ. ಆದರೆ ನಾಲ್ಕು ದಿನದಿಂದ ಕೂತಿದ್ದ ನೋವು ಅಲ್ಲೇ ಇಳಿಯಿತು.

ಒಂದೇ ತಕರಾರು. ನನಗೆ ಸಕ್ಕರೆ ಕಾಯಿಲೆ ಇದೆ ಅಂತ ಫೈಲಿನ ಮೊದಲ ಪುಟದಲ್ಲೇ ಇತ್ತು. ಸ್ಟೀರಾಯ್ಡ್ ಬೆರೆಸಿದ್ದಾರೆ ಅಂತ ಯಾರೂ ಹೇಳಲಿಲ್ಲ. ಮರುದಿನ ಶುಗರ್ ನೋಡಿ ಗಾಬರಿ. ನೀವು ಕೇಳಿಯೇ ಕೂರಿ.

ಸೂಜಿಮಾಸ್ತರ
ನಾನು ಅರಿವಳಿಕೆ ತಜ್ಞ, ನೋವಿನ ಚಿಕಿತ್ಸೆಯೇ ನನ್ನ ಕೆಲಸ. ಪೇನ್ ಕ್ಲಿನಿಕ್‌ನವರೆಲ್ಲ ಕಳ್ಳರು ಅನ್ನೋ ದಾಟಿ ಬರುತ್ತಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಶಿರಸಿ ಅವರೇ, ನಿಮ್ಮ ತಕರಾರು ನೂರಕ್ಕೆ ನೂರು ಸರಿ. ಸ್ಟೀರಾಯ್ಡ್‌ನಿಂದ ಶುಗರ್ ಏರುತ್ತೆ. ಇಂಜೆಕ್ಷನ್ ಕೊಟ್ಟ ಜಾಗದಲ್ಲಿ ಕೂದಲು ಉದುರಿ ನಾಣ್ಯದಷ್ಟು ಬೋಳಾಗಬಹುದು, ಚರ್ಮ ತೆಳುವಾಗಿ ಗುಳಿ ಬೀಳಬಹುದು. ಮೈಗ್ರೇನ್‌ಗೆ ಸ್ಟೀರಾಯ್ಡ್ ಸೇರಿಸಿದ್ದರಿಂದ ಹೆಚ್ಚಿನ ಲಾಭ ಅಂತ ಗಟ್ಟಿಯಾಗಿ ತೋರಿಸಿದವರೂ ಇಲ್ಲ. ಕ್ಲಸ್ಟರ್ ತಲೆನೋವು ಬೇರೆ, ಅಲ್ಲಿ ಸ್ಟೀರಾಯ್ಡ್ ಬ್ಲಾಕ್‌ಗೆ ಒಳ್ಳೆಯ ಆಧಾರ ಇದೆ. ಮೈಗ್ರೇನ್‌ಗೆ ನಾನು ಬರೀ ಲೋಕಲ್ ಅನಸ್ತೇಷಿಯಾ ಔಷಧಿ ಕೊಡುತ್ತೇನೆ. ಗರ್ಭಿಣಿಯರಿಗೆ ಮಾತ್ರೆ ಕೊಡೋಕೆ ಆಗದಾಗ ಲಿಗ್ನೊಕೇನ್ ಬ್ಲಾಕ್ ನಿಜಕ್ಕೂ ಕೈ ಹಿಡಿಯುತ್ತೆ.

ಆರ್‌ಎಫ್ ಬಗ್ಗೆ. ಸೂಜಿಯ ಮೂಲಕ ನರಕ್ಕೆ ರೇಡಿಯೋ ಅಲೆ ಕೊಡೋದು ಅದು. ಎರಡು ಬಗೆ ಇದೆ. ಒಂದರಲ್ಲಿ ಸೂಜಿ ತುದಿ 80 ಡಿಗ್ರಿವರೆಗೆ ಕಾಯುತ್ತೆ, ನರ ಸುಡುತ್ತೆ. ಪಲ್ಸ್ಡ್‌ನಲ್ಲಿ ಬಿಟ್ಟು ಬಿಟ್ಟು ಅಲೆ ಹರಿಸುತ್ತಾರೆ, 42 ಡಿಗ್ರಿ ದಾಟಲ್ಲ, ನರ ಸಾಯಲ್ಲ. "ಒಂದೇ ಸಲಕ್ಕೆ ನರ ಸರಿ ಹೋಗುತ್ತೆ" ಅನ್ನೋದು ಮಾರಾಟದ ಮಾತು. ನಾನೂ ಆರ್‌ಎಫ್ ಮಾಡುತ್ತೇನೆ, ಆದರೆ ಆರಿಸಿ. ತಲೆ ಹಿಂದೆ ಶಾಕ್ ಹೊಡೆದ ಹಾಗೆ ಛಳಕ್ ಅನ್ನೋ ನೋವು, ನರ ಒತ್ತಿದರೆ ಜೀವ ಹೋಗುವಷ್ಟು ನೋವು, ಬ್ಲಾಕ್ ಕೊಟ್ಟಾಗ ಚೆನ್ನಾಗಿ ಇಳಿದು ಮತ್ತೆ ಮತ್ತೆ ಬರುತ್ತಿದ್ದರೆ ಯೋಚಿಸುತ್ತೇನೆ. 2015ರಲ್ಲಿ 81 ಜನರ ಮೇಲೆ ನಡೆದ ಒಂದು ಪ್ರಯೋಗದಲ್ಲಿ ಸ್ಟೀರಾಯ್ಡ್ ಇಂಜೆಕ್ಷನ್‌ಗಿಂತ ಪಲ್ಸ್ಡ್ ಆರ್‌ಎಫ್ ಆಕ್ಸಿಪಿಟಲ್ ನೋವನ್ನು ಚೆನ್ನಾಗಿ ಇಳಿಸಿತು. ಅಲ್ಲಿದ್ದವರು ಆಕ್ಸಿಪಿಟಲ್ ನ್ಯೂರಾಲ್ಜಿಯಾ, ಅಂದರೆ ಆ ನರದ್ದೇ ನೋವಿನ ಕಾಯಿಲೆಯವರು, ಇಲ್ಲವೇ ಮೈಗ್ರೇನ್ ಜೊತೆ ಆ ನರ ಒತ್ತಿದರೆ ನೋವು ಇದ್ದವರು. ಮೈಗ್ರೇನ್ ಇರುವವರಿಗೆಲ್ಲ ಇದನ್ನು ಮೊದಲ ದಿನವೇ ಹಚ್ಚೋಕೆ ಅದು ಆಧಾರ ಅಲ್ಲ.

ನರಪಿಜಿ
ಸರ್, ಪೂರ್ತಿ ಒಪ್ಪಿಗೆ. ಒಂದೇ ಸೇರ್ಪಡೆ. ಬ್ಲಾಕ್‌ಗೆ ಇಳಿಯಿತು ಅಂದಮಾತ್ರಕ್ಕೆ ಅದು ನರದ್ದೇ ಕಾಯಿಲೆ, ಮೈಗ್ರೇನ್ ಅಲ್ಲ ಅಂತ ಕೆಲವರು ತೀರ್ಮಾನ ಕೊಟ್ಟುಬಿಡುತ್ತಾರೆ. ಮೈಗ್ರೇನ್ ಕೂಡ ಬ್ಲಾಕ್‌ಗೆ ಇಳಿಯುತ್ತೆ.

ಲೆಕ್ಕಿಗ
ಬ್ಲಾಕ್‌ನ ಪುರಾವೆಯೂ ಏನು ಮಹಾ ಇಲ್ಲ ಬಿಡಿ. 2015ರಲ್ಲೇ ಅಮೆರಿಕದ ಒಂದು ಪ್ರಯೋಗದಲ್ಲಿ ಬುಪಿವಕೇನ್ ಜೊತೆ ಸ್ಟೀರಾಯ್ಡ್ ಕೊಟ್ಟ ಗುಂಪಿಗೂ ಸುಳ್ಳು ಇಂಜೆಕ್ಷನ್ ಗುಂಪಿಗೂ ವ್ಯತ್ಯಾಸವೇ ಬರಲಿಲ್ಲ. ಅದೇ ವರ್ಷ ಟರ್ಕಿಯವರು ಬುಪಿವಕೇನ್ ಮತ್ತೆ ಮತ್ತೆ ಕೊಟ್ಟು ಲಾಭ ಇದೆ ಅಂದರು. ಯಾರನ್ನು ನಂಬೋದು?

ಸೂಜಿಮಾಸ್ತರ
ಇಬ್ಬರನ್ನೂ. ಒಂದು ಸಲ ಕೊಟ್ಟು ತಿಂಗಳಾದ ಮೇಲೆ ಲೆಕ್ಕ ಹಾಕೋದು ಬೇರೆ, ಮತ್ತೆ ಮತ್ತೆ ಕೊಡೋದು ಬೇರೆ. ನಾನು ಬ್ಲಾಕ್ ಅನ್ನು ವರ್ಷಗಟ್ಟಲೆ ನಡೆಸುವ ಮದ್ದು ಅಂತ ನೋಡಲ್ಲ. ಕೆಟ್ಟ ವಾರ ದಾಟಿಸೋಕೆ, ಮಾತ್ರೆ ಬಿಡಿಸುವಾಗ ಕೈ ಹಿಡಿಯೋಕೆ. ಲಿಗ್ನೊಕೇನ್ ಬಾಟಲಿಗೆ ಏನು ಬೆಲೆ? ಔಷಧಿ ಅಗ್ಗ, ಅಪಾಯ ಕಡಿಮೆ. ಅದಕ್ಕೇ ಮೊದಲು ಇದನ್ನು ಮಾಡಿ ನೋಡೋಕೆ ಅಡ್ಡಿಯಿಲ್ಲ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ, ತಲೆ ಹಿಂಭಾಗದಲ್ಲಿ ಆಪರೇಷನ್ ಆಗಿದ್ದರೆ ಮೊದಲೇ ಹೇಳಿ.

ಅಜ್ಜಿಮದ್ದು
ಇಷ್ಟೆಲ್ಲ ಸೂಜಿ ಯಾಕೆ? ವಾರಕ್ಕೊಮ್ಮೆ ಎಣ್ಣೆ ಹಚ್ಚಿ ಬಿಸಿನೀರಲ್ಲಿ ತಲೆ ಸ್ನಾನ ಮಾಡಿ. ನಮ್ಮ ಅಜ್ಜಿಗೆ ತಲೆನೋವು ಅಂದರೆ ಏನು ಅಂತಲೇ ಗೊತ್ತಿರಲಿಲ್ಲ.

ಬೆಳಗಾವಿ_ಕುಂದಾ
ನಿಮ್ಮ ಅಜ್ಜಿಗೆ ಗೊತ್ತಿತ್ತು, ಹೇಳಿಕೊಳ್ಳೋಕೆ ಪುರುಸೊತ್ತು ಇರಲಿಲ್ಲ. ನನಗೆ ತಲೆ ಸ್ನಾನ ಮಾಡಿದ ದಿನವೇ ನೋವು ಶುರು. ಹಬ್ಬದ ದಿನ ಗ್ಯಾರಂಟಿ. ತಲೆ ಸ್ನಾನ, ಒದ್ದೆ ಕೂದಲು, ಪೂಜೆ ಮುಗಿಯೋವರೆಗೆ ಉಪವಾಸ, ಅಗರಬತ್ತಿ ಹೊಗೆ. ಹೋಳಿಗೆ ಬಡಿಸೋ ಹೊತ್ತಿಗೆ ನಾನು ಹಾಸಿಗೆಯಲ್ಲಿ.

ನರಪಿಜಿ
@ಬೆಳಗಾವಿ_ಕುಂದಾ ಇದು ನಿಮ್ಮ ಭ್ರಮೆ ಅಲ್ಲ. ತಲೆ ಸ್ನಾನದಿಂದ ಮೈಗ್ರೇನ್ ಕೆರಳೋದನ್ನು ಮುಂಬೈನ ತಲೆನೋವು ತಜ್ಞ ಡಾ. ರವಿಶಂಕರ್ 2006ರಲ್ಲಿ ದಾಖಲು ಮಾಡಿದ್ದಾರೆ, 94 ಭಾರತೀಯ ರೋಗಿಗಳನ್ನು ನೋಡಿ. ಹೊರದೇಶದ ಪಟ್ಟಿಗಳಲ್ಲಿ ವೈನ್, ಚೀಸ್ ಅಂತ ಇರುತ್ತೆ. ನಮ್ಮಲ್ಲಿ ಬಿಸಿಲು, ಉಪವಾಸ, ನಿದ್ದೆಗೆಟ್ಟ ಬಸ್ ಪ್ರಯಾಣ, ತಲೆ ಸ್ನಾನ.

ಕಾಫಿತೋಟ
ತಲೆಗೆ ಬಿಸಿನೀರು ಬಿದ್ದರೆ ಮೂರ್ಛೆ ಬರುತ್ತಲ್ಲ, ಅದೂ ಇದೇನಾ? ನಮ್ಮೂರಲ್ಲಿ ಒಬ್ಬರಿಗಿತ್ತು.

ನರಪಿಜಿ
ಅಲ್ಲ, ಅದು ಬಿಸಿನೀರಿನ ಅಪಸ್ಮಾರ, ಬೇರೆ ಕಾಯಿಲೆ. ಅದೂ ಕರ್ನಾಟಕದಲ್ಲೇ ಜಾಸ್ತಿ ಕಂಡಿದೆ, ನಿಮ್ಹಾನ್ಸ್‌ನವರು ಬಹಳ ಕೆಲಸ ಮಾಡಿದ್ದಾರೆ. ಬೇಕಾದರೆ ಬೇರೆ ಎಳೆ ಶುರು ಮಾಡಿ, ಇಲ್ಲಿ ಬೇಡ.

ರಾತ್ರಿಪಾಳಿ
ಸೂಜಿ ಅಂದರೆ ಕಣ್ಣು ಕತ್ತಲೆ ಬರೋ ನನ್ನಂಥವರಿಗೆ ಏನಿದೆ? ತೋಳಿಗೆ ಕಟ್ಟೋ ಯಂತ್ರ ಒಂದು ಬಂದಿದೆಯಂತೆ, ಯಾರಾದರೂ ಬಳಸಿದ್ದೀರಾ? ನೋವು ತಲೆಯಲ್ಲಿ, ಯಂತ್ರ ತೋಳಿನಲ್ಲಿ. ನಂಬೋಕೆ ಕಷ್ಟ.

ಮೈಸೂರ್‌ಪಾಕ್
ನೆರಿವಿಯೊ. ನನ್ನ ಮ್ಯಾನೇಜರ್ ಬಳಸುತ್ತಾರೆ. ನೋವು ಶುರುವಾದ ಕೂಡಲೇ ಮೇಲ್ತೋಳಿಗೆ ಕಟ್ಟಿ, ಫೋನಿನ ಆಪ್‌ನಲ್ಲಿ ಎಷ್ಟು ಜೋರು ಬೇಕು ಅಂತ ಇಟ್ಟುಕೊಂಡು 45 ನಿಮಿಷ ಕೂರುತ್ತಾರೆ. ಮೀಟಿಂಗಿನಲ್ಲೇ ಅಂಗಿಯೊಳಗೆ ನಡೆಯುತ್ತಿರುತ್ತೆ, ಯಾರಿಗೂ ತಿಳಿಯಲ್ಲ. ಕೆಲವು ಸಲ ಪೂರ್ತಿ ಹೋಗುತ್ತೆ, ಕೆಲವು ಸಲ ಏನೂ ಇಲ್ಲ ಅನ್ನುತ್ತಾರೆ. ಇಷ್ಟು ಸಲ ಅಂತ ಲೆಕ್ಕ ಇದೆ, ಮುಗಿದರೆ ಹೊಸದು ಕೊಳ್ಳಬೇಕು. ಅದು ಕಿರಿಕಿರಿ.

ನರಪಿಜಿ
ಅದು ಇಸ್ರೇಲಿನ ಕಂಪನಿಯದು. 2019ರಲ್ಲಿ ಎಫ್‌ಡಿಎ ಒಪ್ಪಿತು, ಭಾರತಕ್ಕೆ 2023ರಲ್ಲಿ ಡಾ. ರೆಡ್ಡೀಸ್ ತಂದರು. ದೇಹದ ಒಂದು ಕಡೆಯ ತೀಕ್ಷ್ಣ ಸಂವೇದನೆಗೆ ಮೆದುಳು ತನ್ನದೇ ನೋವು ತಡೆಯುವ ದಾರಿ ತೆರೆಯುತ್ತೆ, ಅದರಿಂದ ಬೇರೆ ಕಡೆಯ ನೋವೂ ಇಳಿಯುತ್ತೆ. ಹಣೆಗೆ ಅಂಟಿಸೋ ಸೆಫಾಲಿ ಅಂತ ಇನ್ನೊಂದು ಇದೆ, ಹುಬ್ಬಿನ ಮೇಲಿನ ನರಕ್ಕೆ ಕರೆಂಟು ಕೊಡುತ್ತೆ. ತಡೆಗೆ ದಿನಾ 20 ನಿಮಿಷ. ಕತ್ತಿಗೆ ಒತ್ತಿ ಹಿಡಿದು ವೇಗಸ್ ನರಕ್ಕೆ ಕೊಡುವ ಗಾಮಾಕೋರ್ ಮೂರನೆಯದು. ಮೂರರಲ್ಲೂ ಅಪಾಯ ಕಡಿಮೆ, ಪವಾಡವೂ ಇಲ್ಲ. ಪೇಸ್‌ಮೇಕರ್ ಇದ್ದವರು ಮುಟ್ಟಬಾರದು.

ಕುಡ್ಲ_ಮೀನು
ಮೂಗಿನೊಳಗಿಂದ ಮಾಡೋ ಬ್ಲಾಕ್ ಬಗ್ಗೆ ಯಾರೂ ಹೇಳಿಲ್ಲ. ಮೂಗಿನ ಹಿಂದಿನ ನರದ ಗಂಟಿಗೆ ಕೊಡೋದು, ಸ್ಫೀನೋಪ್ಯಾಲಟೈನ್ ಗ್ಯಾಂಗ್ಲಿಯಾನ್ ಅಂತ ನಾಲಿಗೆ ಹೊರಳದ ಹೆಸರು. ಉದ್ದದ ಹತ್ತಿಕಡ್ಡಿಯನ್ನು ಔಷಧಿಯಲ್ಲಿ ಅದ್ದಿ ಮೂಗಿನ ತೀರಾ ಒಳಗೆ ಇಡುತ್ತಾರೆ. ನೋವಿಲ್ಲ, ಆದರೆ ಕಹಿ ಗಂಟಲಿಗೆ ಇಳಿದು ವಾಕರಿಕೆ. ಗಂಟಲು ಮರಗಟ್ಟಿರುತ್ತೆ, ಸ್ವಲ್ಪ ಹೊತ್ತು ಏನೂ ತಿನ್ನಬೇಡಿ ಅಂದರು. ನನಗೆ ಆ ದಿನ ಹಗುರ, ಮರುವಾರ ಮತ್ತೆ ಅದೇ ಕಥೆ.

ಸೂಜಿಮಾಸ್ತರ
ಅದು ತೀರಾ ಹಳೆಯದು, 1908ರಲ್ಲಿ ಸ್ಲೂಡರ್ ಅನ್ನೋ ಅಮೆರಿಕದ ವೈದ್ಯ ಶುರು ಮಾಡಿದ್ದು. ಈಗ ಸಣ್ಣ ನಳಿಕೆಯ ಸಾಧನಗಳೂ ಇವೆ. ಕ್ರಾನಿಕ್ ಮೈಗ್ರೇನ್‌ನಲ್ಲಿ ಮಾಡಿದ ಪ್ರಯೋಗದಲ್ಲೂ ನೀವು ಹೇಳಿದ್ದೇ ಕಂಡಿತು. ಆ ಹೊತ್ತಿಗೆ ಲಾಭ, ತಿಂಗಳುಗಳಾಚೆ ನೋಡಿದರೆ ಸಲೈನ್‌ಗಿಂತ ಖಚಿತ ವ್ಯತ್ಯಾಸ ಇಲ್ಲ.

ಗುಬ್ಬಚ್ಚಿ_ಹಾಸನ
ಇಷ್ಟೊಂದು ಉತ್ತರ! ಶಾಲೆಯಿಂದ ಬಂದು ಎಲ್ಲ ಓದಿದೆ.

@ನರಪಿಜಿ ಮಾತ್ರೆ ಕೇಳಿದ್ದಿರಿ. ಎರ್ಗೋಟಮೈನ್, ಕೆಫೀನ್, ಪ್ಯಾರಸಿಟಮಾಲ್ ಎಲ್ಲ ಬೆರೆತ ಮಾತ್ರೆ. ಮೆಡಿಕಲ್ ಶಾಪಿನವರೇ ಕೊಡುತ್ತಾರೆ. ನೋವು ಬಂದ ದಿನವೆಲ್ಲ ಒಂದು, ಪರೀಕ್ಷೆ ಸಮಯದಲ್ಲಿ ಎರಡು. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ? ಎರಡೂ ಕಡೆ ಯಾರೂ ಕೇಳಲೇ ಇಲ್ಲ.

ನರಪಿಜಿ
ಇದೆ, ಬಹಳ ಇದೆ. ಆ ಬಗೆಯ ಬೆರಕೆ ಮಾತ್ರೆ, ಎರ್ಗೋಟಮೈನ್, ಟ್ರಿಪ್ಟಾನ್ ಇವನ್ನು ತಿಂಗಳಿಗೆ 10 ದಿನ ಅಥವಾ ಹೆಚ್ಚು, ಬರೀ ಪ್ಯಾರಸಿಟಮಾಲ್ ಅಥವಾ ಐಬುಪ್ರೊಫೆನ್ ಆದರೆ 15 ದಿನ ಅಥವಾ ಹೆಚ್ಚು, ಮೂರು ತಿಂಗಳು ದಾಟಿ ತಗೊಳ್ಳುತ್ತಾ ಹೋದರೆ ಮಾತ್ರೆಯೇ ತಲೆನೋವನ್ನು ಉಳಿಸುತ್ತೆ. ಬೆಳಗ್ಗೆ ಏಳುತ್ತಲೇ ನೋವಿರುತ್ತೆ, ಮಾತ್ರೆಗೆ ಒಂದಿಷ್ಟು ಗಂಟೆ ಇಳಿದು ಮತ್ತೆ ಬರುತ್ತೆ. ಹಾಗಿದೆಯಾ?

ಗುಬ್ಬಚ್ಚಿ_ಹಾಸನ
ಅಕ್ಷರಶಃ ಹಾಗೇ.

ನರಪಿಜಿ
ಹಾಗಾದರೆ ಆರ್‌ಎಫ್ ಪ್ಯಾಕೇಜ್ ಸದ್ಯ ಪಕ್ಕಕ್ಕಿಡಿ. ನಿಮ್ಮ ನ್ಯೂರಾಲಜಿಸ್ಟ್ ಹತ್ತಿರ ಈ ಮಾತ್ರೆ ಲೆಕ್ಕ ಹೇಳಿ. ನೀವೇ ಏಕಾಏಕಿ ನಿಲ್ಲಿಸಿದರೆ ಮೊದಲ ವಾರ ನೋವು ಜಾಸ್ತಿ ಆಗುತ್ತೆ, ವಾಂತಿಯೂ ಆಗಬಹುದು, ಜನ ಹೆದರಿ ಮತ್ತೆ ಅದನ್ನೇ ನುಂಗುತ್ತಾರೆ. ಆ ವಾರಗಳನ್ನು ದಾಟೋಕೆ ಬ್ಲಾಕ್ ಕೊಡುವ ಡಾಕ್ಟರು ಬಹಳ ಜನ. ಬೊಟಾಕ್ಸ್ ಅದರ ಜೊತೆಗೇ ಶುರು ಮಾಡಬೇಕಾ, ಮಾತ್ರೆ ಬಿಟ್ಟ ಮೇಲೆ ನೋಡಬೇಕಾ ಅನ್ನೋದರಲ್ಲಿ ನಮ್ಮಲ್ಲೇ ಎರಡು ಗುಂಪಿದೆ. ಪ್ರಿಎಂಪ್ಟ್‌ನಲ್ಲಿ ಹೆಚ್ಚಿನವರು ಮಾತ್ರೆ ಅತಿ ಮಾಡುತ್ತಿದ್ದವರೇ, ಅವರಲ್ಲೂ ಬೊಟಾಕ್ಸ್ ಕೆಲಸ ಮಾಡಿತು.

ಕಾಫಿತೋಟ
ಮೆಡಿಕಲ್ ಶಾಪಿನವರು ಶೀಟುಗಟ್ಟಲೆ ಕೊಡೋದು ಮೊದಲು ನಿಲ್ಲಬೇಕು. ನಮ್ಮಲ್ಲಿ ಚೀಟಿ ಯಾರು ಕೇಳ್ತಾರೆ?

ಬೆಳಗಾವಿ_ಕುಂದಾ
ನಿಲ್ಲಿಸಿದರೆ ನಾವು ಏನು ಮಾಡೋಣ? ಹಳ್ಳಿಯಲ್ಲಿ ನ್ಯೂರಾಲಜಿಸ್ಟ್ ಎಲ್ಲಿ ಸಿಗ್ತಾರೆ? ಬೆಂಗಳೂರಿನ ನಗರ, ಹಳ್ಳಿ ಎರಡರಲ್ಲೂ ನಿಮ್ಹಾನ್ಸ್‌ನವರು ಸಮೀಕ್ಷೆ ಮಾಡಿದಾಗ ವರ್ಷದಲ್ಲಿ ಮೈಗ್ರೇನ್ ಬಂದವರು 25.2% ಅಂತ ಓದಿದ್ದೆ. ನಾಲ್ವರಲ್ಲಿ ಒಬ್ಬರು! ಅಷ್ಟೂ ಜನ ಹೊಸೂರು ರಸ್ತೆಯಲ್ಲಿ ಕ್ಯೂ ನಿಲ್ಲಬೇಕಾ?

ಸೂಜಿಮಾಸ್ತರ
ಅದಕ್ಕೇ ನರ್ವ್ ಬ್ಲಾಕ್ ನನಗೆ ಇಷ್ಟ. ಬೊಟಾಕ್ಸ್‌ಗೆ 2ರಿಂದ 8 ಡಿಗ್ರಿ ಫ್ರಿಜ್ ಬೇಕು, ದುಡ್ಡು ಬೇಕು. ಬ್ಲಾಕ್ ಅನ್ನು ಕಲಿತ ಯಾವ ವೈದ್ಯರೂ ತಾಲ್ಲೂಕು ಆಸ್ಪತ್ರೆಯಲ್ಲೇ ಕೊಡಬಹುದು. ಕಲಿಸೋರು ಕಡಿಮೆ ಅಷ್ಟೇ.

ಶಿರಸಿ_ಅಡಿಕೆ
ಕಲಿತರೂ ಶುಗರ್ ಫೈಲ್ ಓದೋಕೆ ಹೇಳಿಕೊಡಿ ಸರ್.

ರಾತ್ರಿಪಾಳಿ
ಆಪರೇಷನ್ ಮಾಡಿ ನರ ಬಿಡಿಸ್ತಾರಂತಲ್ಲ, ಅದು? ಯೂಟ್ಯೂಬಿನಲ್ಲಿ ಒಬ್ಬ ಪ್ಲಾಸ್ಟಿಕ್ ಸರ್ಜನ್ "ಮೈಗ್ರೇನ್ ಶಾಶ್ವತ ಪರಿಹಾರ" ಅಂತಿದ್ದರು.

ಲೆಕ್ಕಿಗ
ಅದರ ಮೂಲ ಅಮೆರಿಕದ ಕ್ಲೀವ್‌ಲ್ಯಾಂಡ್. ಗುಯುರಾನ್ ಅನ್ನೋ ಸರ್ಜನ್ 2009ರಲ್ಲಿ ಸುಳ್ಳು ಆಪರೇಷನ್ ಜೊತೆ ಹೋಲಿಸಿದರು. ನಿಜವಾದ ಆಪರೇಷನ್ ಆದ 49 ಜನರಲ್ಲಿ 41 ಮಂದಿಗೆ ಅರ್ಧವಾದರೂ ಇಳಿಯಿತು. ಕೇಳೋಕೆ ಚೆನ್ನಾಗಿದೆ. ಆದರೆ ಬರೀ ಕೊಯ್ದು ಹೊಲಿದ 26 ಜನರಲ್ಲೂ 15 ಮಂದಿಗೆ ಹಾಗೇ ಇಳಿಯಿತು! ಅಲ್ಲಿನ ತಲೆನೋವು ವೈದ್ಯರ ಸಂಘವೇ 2013ರಲ್ಲಿ, ಪ್ರಯೋಗದ ಹೊರಗೆ ಈ ಆಪರೇಷನ್ ಶಿಫಾರಸು ಮಾಡಬೇಡಿ ಅಂದಿದೆ.

ಮೈಸೂರ್‌ಪಾಕ್
ಪೂರ್ತಿ ನಿಂತುಹೋದವರ ಲೆಕ್ಕ ಯಾಕೆ ಬಿಟ್ಟಿರಿ? ಆಪರೇಷನ್ ಆದವರಲ್ಲಿ ಅರ್ಧಕ್ಕಿಂತ ಜಾಸ್ತಿ, ಸುಳ್ಳು ಆಪರೇಷನ್‌ನಲ್ಲಿ ಒಬ್ಬರೇ. ನಿಮಗೆ ಬೇಕಾದ ಅಂಕಿ ಮಾತ್ರ ಹಾಕ್ತೀರಿ.

ಲೆಕ್ಕಿಗ
ಅದೂ ಇದೆ, ಸರಿ. ಆದರೂ 75 ಜನರ ಒಂದು ಪ್ರಯೋಗ ನಂಬಿ ನಾನು ಹಣೆ ಕೊಯ್ಯಿಸಿಕೊಳ್ಳಲ್ಲ.

ನರಪಿಜಿ
ತಲೆ ಹಿಂದೆ ಚರ್ಮದಡಿ ತಂತಿ ಇಟ್ಟು, ಎದೆ ಅಥವಾ ಸೊಂಟದ ಹತ್ತಿರ ಬ್ಯಾಟರಿ ಕೂರಿಸೋ ಆಕ್ಸಿಪಿಟಲ್ ಸ್ಟಿಮ್ಯುಲೇಟರ್ ಕೂಡ ಇದೆ. ತಂತಿ ಜಾಗ ಬದಲಿಸುತ್ತೆ, ಸೋಂಕು ಆಗುತ್ತೆ, ಮತ್ತೆ ಆಪರೇಷನ್. 2012ರ ದೊಡ್ಡ ಪ್ರಯೋಗ ತನ್ನ ಮುಖ್ಯ ಗುರಿಯನ್ನೇ ಮುಟ್ಟಲಿಲ್ಲ. ಎಲ್ಲ ದಾರಿ ಮುಚ್ಚಿದವರಿಗೆ ಮಾತ್ರ, ಅದೂ ದೊಡ್ಡ ಕೇಂದ್ರದಲ್ಲಿ.

ಇನ್ನೊಂದು ಮಾತು, ಇಲ್ಲಿ ಓದುವ ಎಲ್ಲರಿಗೂ. ಸಿಡಿಲು ಬಡಿದ ಹಾಗೆ ಒಮ್ಮೆಲೇ ಬಂದ ತಲೆನೋವು, ಐವತ್ತರ ನಂತರ ಹೊಸದಾಗಿ ಶುರುವಾದದ್ದು, ಜ್ವರದ ಜೊತೆ ಕತ್ತು ಬಿಗಿತ, ಕೈಕಾಲು ಸೋಲು, ದೃಷ್ಟಿ ಹೋಗೋದು ಇದ್ದರೆ ಬೊಟಾಕ್ಸಾ ಬ್ಲಾಕಾ ಅಂತ ಕೂರಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ.

ಗುಬ್ಬಚ್ಚಿ_ಹಾಸನ
ಇವತ್ತು ನ್ಯೂರಾಲಜಿಸ್ಟ್ ಹತ್ತಿರ ಮಾತ್ರೆ ಲೆಕ್ಕ ಎಲ್ಲ ಹೇಳಿದೆ. ಬೆರಕೆ ಮಾತ್ರೆ ಬಂದ್. ಮೊದಲ ಎರಡು ವಾರಕ್ಕೆ ಬೇರೆ ಔಷಧಿ ಕೊಟ್ಟಿದ್ದಾರೆ. ಶನಿವಾರ ಎರಡೂ ಕಡೆ ಬ್ಲಾಕ್, ಸ್ಟೀರಾಯ್ಡ್ ಇಲ್ಲದೆ. ನಾನೇ ಕೇಳಿದೆ, ಅವರೂ ಹಾಕಲ್ಲ ಅಂದರು. ಬೊಟಾಕ್ಸ್ ದಸರಾ ರಜೆಯಲ್ಲಿ ಶುರು, ಎರಡು ಸುತ್ತು ನೋಡಿ ಡೈರಿ ಪ್ರಕಾರ ಮುಂದುವರಿಸೋದು ಅಂತ ಮಾತಾಗಿದೆ. ಪೇನ್ ಕ್ಲಿನಿಕ್‌ನಿಂದ ಮತ್ತೆ ಫೋನ್ ಬಂತು, ರಿಯಾಯಿತಿ ಇನ್ನೂ ಮೂರು ದಿನ ಇದೆಯಂತೆ.

ಕಾಫಿತೋಟ
ಮುಂದಿನ ವಾರ ಒಂದು ತಗೊಂಡರೆ ಒಂದು ಫ್ರೀ ಅಂತಾರೆ, ತಡೀರಿ.

ಬೆಳಗಾವಿ_ಕುಂದಾ
ಬೊಟಾಕ್ಸ್‌ಗೆ ಮೊದಲು ಇನ್ಶೂರೆನ್ಸ್‌ನವರಿಂದ ಬರಹದಲ್ಲೇ ಒಪ್ಪಿಗೆ ತಗೊಳ್ಳಿ. ನನ್ನ ಕ್ಲೇಮನ್ನು "ಸೌಂದರ್ಯ ಚಿಕಿತ್ಸೆ" ಅಂತ ತಳ್ಳಿಹಾಕಿದರು. ಭುಜಕ್ಕೂ ಕತ್ತಿಗೂ ಚುಚ್ಚಿಸಿಕೊಂಡು ಯಾವ ಸೌಂದರ್ಯವೋ! ಡಾಕ್ಟರ ಪತ್ರ, ಹಳೇ ಔಷಧಿಗಳ ಪಟ್ಟಿ, ಡೈರಿ ಎಲ್ಲ ಕಳಿಸಿ ಜಗಳ ಆಡಿದ ಮೇಲೆ ಒಂದಿಷ್ಟು ಕೊಟ್ಟರು.

ಮೈಸೂರ್‌ಪಾಕ್
ಬಾಟಲಿ ನಿಮ್ಮೆದುರೇ ತೆರೆಯೋಕೆ ಹೇಳಿ, ಬ್ರ್ಯಾಂಡ್ ಬರೆದುಕೊಳ್ಳಿ. ಒಂದು ಬ್ರ್ಯಾಂಡಿನ ಯೂನಿಟ್ ಇನ್ನೊಂದರ ಯೂನಿಟ್‌ಗೆ ಸಮ ಅಲ್ಲ.

ರಾತ್ರಿಪಾಳಿ
ಒಂದು ಅನುಮಾನ. 31 ಕಡೆ ತಲಾ 5 ಯೂನಿಟ್ ಅಂದರೆ 155. 100ರ ಬಾಟಲಿ ಎರಡು ಕೊಳ್ಳಬೇಕು. ಉಳಿದ 45ಕ್ಕೂ ದುಡ್ಡು ಕೊಟ್ಟಿರ್ತೀವಿ, ಅದೇನಾಗುತ್ತೆ? ಹಣೆ ಸುಕ್ಕಿಗೆ ಹಾಕ್ತಾರಾ?

ಸೂಜಿಮಾಸ್ತರ
ನೋವು ಜಾಸ್ತಿ ಇರೋ ಕಡೆ ಇನ್ನೂ 40 ಯೂನಿಟ್‌ವರೆಗೆ, ಅಂದರೆ ಒಟ್ಟು 195 ತನಕ ಕೊಡಬಹುದು. ಬೇಡದಿದ್ದರೆ ಚೆಲ್ಲಬೇಕು, ಇನ್ನೊಬ್ಬರಿಗೆ ಎತ್ತಿಡೋ ಹಾಗಿಲ್ಲ.

ಮೈಸೂರ್‌ಪಾಕ್
@ರಾತ್ರಿಪಾಳಿ ಹಣೆಗೆ ಆಗಲೇ ಹಾಕಿರ್ತಾರೆ ಮಾರಾಯ್ರೆ. ನನ್ನ ಹಣೆ ನೋಡಿ ಅತ್ತಿಗೆ ಯಾವ ಕ್ರೀಮು ಅಂತ ಕೇಳುತ್ತಿದ್ದಾರೆ.